ಹಿಮಕ್ಕೆ ಹೋಗುವಿರಾ? ಸ್ಕೀ ಆರಿಸುವ ಬಗೆ

ದಾದರ್‌ನಿಂದ ಡೊಂಬಿವಲಿಯವರೆಗೆ ಹುಡುಕಿದರೂ ನಮಗೆ ಹಿಮ ಸಿಗದು. ಆದರೂ ಚಳಿಗಾಲದ ರಜೆಗೆ ಗುಲ್ಮಾರ್ಗ್, ಔಲಿಗೆ ಹೊರಡುವವರು ನಮ್ಮಲ್ಲಿದ್ದಾರೆ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕೂಟದಲ್ಲಿ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಪದಕ ಗೆದ್ದದ್ದು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲೇ.

ಸಮತಟ್ಟಿನಲ್ಲಿ ದೂರ ಸಾಗಲು ಕಿರಿದಾದ, ಹಗುರವಾದ ಸ್ಕೀ ಬೇಕು, ಹಿಮ್ಮಡಿ ಬಿಡುವಾಗಿರಬೇಕು. ಇಳಿಜಾರಿನಲ್ಲಿ ತಿರುಗಲು ತುದಿಗಳು ಅಗಲ, ನಡು ಸಣ್ಣ, ಅಂಚಿಗೆ ಉಕ್ಕಿನ ಪಟ್ಟಿ ಬೇಕು. ಎರಡೂ ಬೇಕೆನ್ನುವವರಿಗೆ ನಡು ಸುಮಾರು 60ರಿಂದ 70 ಮಿ.ಮೀ. ಇರುವ, ಉಕ್ಕಿನ ಅಂಚಿನ ಸ್ಕೀ ಒಳ್ಳೆಯದು. ತಳದಲ್ಲಿ ಮೀನಿನ ಹುರುಪೆಯಂಥ ಗೀರುಗಳಿದ್ದರೆ ಏರುವಾಗ ಹಿಂದೆ ಜಾರುವುದಿಲ್ಲ.

ಅಂಗಡಿಯಲ್ಲಿ ಎತ್ತರದ ಜೊತೆಗೆ ನಿಮ್ಮ ತೂಕವನ್ನೂ ಹೇಳಿ. ಸ್ಕೀ ತೀರಾ ಗಟ್ಟಿಯಾದರೆ ಅದರ ಕಮಾನು ಹಿಮಕ್ಕೆ ತಾಗದು, ಗೀರು ಹಿಡಿಯದು; ತೀರಾ ಮೆದುವಾದರೆ ಸರಾಗವಾಗಿ ಜಾರದು. ಮೊದಲ ಸಲವಾದರೆ ಬಾಡಿಗೆಗೆ ಪಡೆಯುವುದೇ ಲೇಸು.

ಒಂದು ಮಾತು ಮರೆಯಬೇಡಿ. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಅಫರ್ವಾಟ್‌ನಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಬಲಿಯಾದರು. ಎಂಥ ಒಳ್ಳೆಯ ಸ್ಕೀಯೂ ಹಿಮಕುಸಿತವನ್ನು ತಡೆಯದು. ಆದ್ದರಿಂದ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಗುರುತಿನ ದಾರಿ ಬಿಟ್ಟು ಹೋಗಬೇಡಿ. ಹೋಗಿ ಬನ್ನಿ, ಶುಭವಾಗಲಿ!