ಗಣಕಯಂತ್ರದ ಗಡಿಯಾರಕ್ಕೆ ಮೀಸಲು ವಿದ್ಯುತ್ತು

ಓಲೆಯ ಪ್ರತಿಯನ್ನು ಮಾಡಿದ ಲಿಪಿಕಾರನು ಗ್ರಂಥಾಂತ್ಯದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ನಮೂದಿಸುವ ವಾಡಿಕೆಯುಂಟು. ತಿಥಿವಾರಗಳು ಒಂದಕ್ಕೊಂದು ಹೊಂದದಿದ್ದರೆ ಸಂಶೋಧಕನು ಆ ಕಾಲನಿರ್ದೇಶವನ್ನು ಶಂಕಿಸುವನು. ಈಗ ಅದೇ ಓಲೆಗಳ ಛಾಯಾಪ್ರತಿಗಳನ್ನು ತೆಗೆದು ಗಣಕಯಂತ್ರಗಳಲ್ಲಿ ಕಾಪಾಡುತ್ತಿರುವರಷ್ಟೆ. ಈ ಪ್ರತಿಗಳಿಗೆ ಕಾಲವನ್ನು ಬರೆಯುವವನು ಮನುಷ್ಯನಲ್ಲ; ಯಂತ್ರದೊಳಗಿನ ಚಿಕ್ಕದೊಂದು ಗಡಿಯಾರ. ಯಂತ್ರವನ್ನು ಆರಿಸಿದ ಮೇಲೂ ಅದು ನಡೆಯುತ್ತಿರಬೇಕು. ಆಗ ಅದಕ್ಕೆ ವಿದ್ಯುತ್ತನ್ನು ಒದಗಿಸುವುದಾವುದು ಎಂಬ ವಿಚಾರವು ಯಂತ್ರಶಾಸ್ತ್ರದ್ದಾದರೂ ಗ್ರಂಥಸಂಪಾದಕರಿಗೆ ಹೊರಗಿನದಲ್ಲ.

ಇಂಗ್ಲಿಷಿನಲ್ಲಿ ರಿಯಲ್ ಟೈಮ್ ಕ್ಲಾಕ್ ಎನ್ನಿಸಿಕೊಳ್ಳುವ ಈ ಗಡಿಯಾರದ ಜೀವವು ಕವಲಾಗಿ ಕೊರೆದ ಒಂದು ಸ್ಫಟಿಕದ ಚೂರು. ಅದು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸಿದರೆ ಒಂದು ಉಳಿಯುವುದು. ಅದೇ ಒಂದು ಸೆಕೆಂಡಿನ ಎಣಿಕೆ. ನಮ್ಮ ಜ್ಯೋತಿಷಿಗಳ ಘಟಿಕಾಪಾತ್ರೆಯು ತಳದ ರಂಧ್ರದಿಂದ ನೀರು ತುಂಬಿ ೨೪ ನಿಮಿಷಕ್ಕೊಮ್ಮೆ ಮುಳುಗುತ್ತಿತ್ತು. ಅದನ್ನು ಎತ್ತಿ ಮತ್ತೆ ತೇಲಿಬಿಡುವವನು ಮೈಮರೆತರೆ ಆ ದಿನದ ಗಣನೆಯೇ ಕೆಟ್ಟಿತು. ಸ್ಫಟಿಕಕ್ಕೂ ಎಡೆಬಿಡದ ಪೋಷಣೆ ಬೇಕು, ಆದರೆ ಅತ್ಯಲ್ಪವಾಗಿ. ಬಹಳವಾಗಿ ಬಳಕೆಯಲ್ಲಿರುವ ಡಿ. ಎಸ್. ೧೩೦೭ ಎಂಬ ಗಡಿಯಾರದ ತುಣುಕು ಮೀಸಲು ವಿದ್ಯುತ್ತಿನ ಮೇಲೆ ನಡೆಯುವಾಗ ತೆಗೆದುಕೊಳ್ಳುವುದು ಅರ್ಧ ಮೈಕ್ರೋ ಆಂಪಿಯರಿಗಿಂತ ಹೆಚ್ಚಲ್ಲ.

ಪೋಷಣೆ ತಪ್ಪಿದರೆ ಆಗುವ ದೋಷವು ಎರಡು ಬಗೆ. ಗಡಿಯಾರವು ತನ್ನ ಆದಿಗೆ ಹಿಂತಿರುಗಿ, ೧೯೭೦ನೆಯ ಅಥವಾ ೧೯೮೦ನೆಯ ಇಸವಿಯ ಜನವರಿ ೧ ಎಂದು ತೋರಿಸುವುದು ಒಂದು. ಇದು ಯಾರನ್ನೂ ವಂಚಿಸಲಾರದು. ಎರಡನೆಯದು ಸಂಭಾವ್ಯವಾದ ಸುಳ್ಳು. ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕವನ್ನು ಪುಸ್ತಕಗಳ ಛಾಯೆ ತೆಗೆಯುವುದಕ್ಕೂ ಬಳಸುವುದುಂಟು. ೨೦೨೩ರಲ್ಲಿ ಹೊರಬಂದ ಐದನೆಯ ಮಾದರಿಯಲ್ಲಿ ಗಡಿಯಾರವೂ ಬ್ಯಾಟರಿಯನ್ನು ಜೋಡಿಸುವ ಸ್ಥಾನವೂ ಇವೆ; ಅದರ ಹಿಂದಿನ ನಾಲ್ಕು ಮಾದರಿಗಳಲ್ಲಿ ಗಡಿಯಾರವೇ ಇಲ್ಲ. ಅಂತರ್ಜಾಲವು ದೊರೆತರೆ ಅವು ಅಲ್ಲಿಂದ ಸಮಯವನ್ನು ಕೇಳಿ ತಿಳಿಯುತ್ತವೆ. ದೊರೆಯದಿದ್ದರೆ ಹಿಂದೆ ಬರೆದಿಟ್ಟ ಸಮಯದಿಂದಲೇ ಎಣಿಕೆಯನ್ನು ಮುಂದುವರಿಸುವ ಏರ್ಪಾಡು ಅವುಗಳಲ್ಲಿ ರೂಢಿಯಾಗಿದೆ. ಮಾರ್ಗಶಿರದಲ್ಲಿ ಆರಿಸಿದ ಯಂತ್ರವನ್ನು ಹಳ್ಳಿಯ ಮಠವೊಂದರಲ್ಲಿ ಫಾಲ್ಗುನದಲ್ಲಿ ಹೊತ್ತಿಸಿದರೆ, ಆ ದಿನದ ಪ್ರತಿಗಳೆಲ್ಲವೂ ಮಾರ್ಗಶಿರದವೆನ್ನಿಸಿಕೊಳ್ಳುವುವು. ಎರಡು ಛಾಯಾಪ್ರತಿಗಳಲ್ಲಿ ಯಾವುದು ಮೊದಲಿನದು, ಓಲೆಯ ಅಂಚು ಮುರಿದದ್ದು ಯಾವಾಗ ಎಂಬ ವಾದವು ಹುಟ್ಟಿದಾಗ ಈ ಸಾಕ್ಷ್ಯವನ್ನು ನಂಬಿದವನ ಗತಿಯೇನು?

ಇನ್ನು ಮೀಸಲು ವಿದ್ಯುತ್ತಿನ ಸಾಧನಗಳು. ಐ. ಬಿ. ಎಂ. ಸಂಸ್ಥೆಯ ೧೯೮೧ರ ಸ್ವಂತಗಣಕವು ಹೊತ್ತಿಸಿದಾಗಲೆಲ್ಲ ದಿನಾಂಕವನ್ನು ಕೇಳುತ್ತಿತ್ತು, ೧೯೮೪ರ ಎ. ಟಿ. ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವು ಬಂದಿತು. ಆ ಕಾಲದ ಹಲವು ಯಂತ್ರಗಳಲ್ಲಿ ಹಲಗೆಗೇ ಬೆಸೆದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯಿರುತ್ತಿತ್ತು. ಯಂತ್ರವು ನಡೆಯುವಾಗ ತುಂಬಿಕೊಂಡು, ನಿಂತಾಗ ಕೊಡುವುದು ಅದರ ಗುಣ. ಹಳತಾದಂತೆ ಕ್ಷಾರವನ್ನು ಸೋರಿ ಸುತ್ತಣ ತಾಮ್ರದ ಗೆರೆಗಳನ್ನು ತಿಂದುಹಾಕುವುದು ಅದರ ದೋಷ. ಹಳೆಯ ಗಣಕಗಳನ್ನು ಕಾಪಾಡುವವರು ಮೊದಲು ಇದನ್ನೇ ಕಿತ್ತೆಸೆಯುತ್ತಾರೆ.

ಹೆಚ್ಚು ಧಾರಣಶಕ್ತಿಯ ಕೆಪಾಸಿಟರು ಸೋರುವ ಭಯವು ಕಡಮೆಯಾದದ್ದು, ಬಹುಕಾಲ ಬಾಳುವಂಥದು. ಆದರೆ ಅದರ ಉಗ್ರಾಣ ಚಿಕ್ಕದು. ಒಂದು ಫ್ಯಾರಡಿನ ಕೆಪಾಸಿಟರು ೩ ವೋಲ್ಟಿನಿಂದ ೨ ವೋಲ್ಟಿಗೆ ಇಳಿಯುವವರೆಗೆ ಅರ್ಧ ಮೈಕ್ರೋ ಆಂಪಿಯರನ್ನು ಕೊಟ್ಟರೆ ೨೦ ಲಕ್ಷ ಸೆಕೆಂಡು, ಎಂದರೆ ಸುಮಾರು ೨೩ ದಿನ. ಒಳಗಿನ ಸೋರಿಕೆಯನ್ನು ಕಳೆದರೆ ಇನ್ನೂ ಕಡಮೆ. ದಿನವೂ ನಡೆಯುವ ಯಂತ್ರಕ್ಕೆ ಇದು ಸಾಕು. ಬೇಸಿಗೆಯ ರಜದಲ್ಲಿ ಮುಚ್ಚಿಡುವ ಯಂತ್ರಕ್ಕೆ ಸಾಲದು.

ಉಳಿದದ್ದು ಲಿಥಿಯಂ ಬಿಲ್ಲೆ, ಸಿ. ಆರ್. ೨೦೩೨. ವ್ಯಾಸ ೨೦ ಮಿಲಿಮೀಟರು, ದಪ್ಪ ೩.೨ ಎಂಬುದೇ ಹೆಸರಿನ ಅಂಕಿಗಳ ಅರ್ಥ. ಇದರ ಸಂಚಯವು ಸುಮಾರು ೨೨೦ ಮಿಲಿ ಆಂಪಿಯರ್ ಗಂಟೆ. ಭಾಗಾಕಾರ ಮಾತ್ರದಿಂದ ಹೇಳುವುದಾದರೆ ಮೇಲಣ ಗಡಿಯಾರವನ್ನು ಐವತ್ತು ವರ್ಷ ನಡೆಸಬೇಕು. ಆದರೆ ಬಿಲ್ಲೆಯು ತಾನಾಗಿಯೂ ಸವೆಯುವುದರಿಂದಲೂ ಸೆಕೆಯಿಂದಲೂ ಅಷ್ಟು ಕಾಲ ನಿಲ್ಲದು. ಗೋಡೆಯ ವಿದ್ಯುತ್ತಿನಿಂದ ಬಿಡಿಸದೆ ಇಟ್ಟ ಮೇಜಿನ ಗಣಕದಲ್ಲಿ ಬಿಲ್ಲೆಗೆ ಕೆಲಸವೇ ಇಲ್ಲವೆನ್ನಬಹುದು. ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಯಂತ್ರದಲ್ಲಿಯೇ ಅದು ಮೊದಲು ಮುಗಿಯುವುದು.

ಇಲ್ಲಿ ಒಂದು ಪಾಠಭೇದವನ್ನು ಎಚ್ಚರಿಕೆಯಿಂದ ಗಮನಿಸಬೇಕು. ಎಲ್. ಐ. ಆರ್. ೨೦೩೨ ಎಂಬ ಇನ್ನೊಂದು ಬಿಲ್ಲೆಯು ಗಾತ್ರದಲ್ಲಿ ಇದರಂತೆಯೇ ಇದ್ದರೂ ಮರಳಿ ತುಂಬಿಸತಕ್ಕದ್ದು. ಅದರ ಸಂಚಯ ಸುಮಾರು ೪೦ ಮಾತ್ರ. ಮಾರಾಟದ ಕೆಲವು ಗಡಿಯಾರದ ಹಲಗೆಗಳು ಬಿಲ್ಲೆಗೆ ವಿದ್ಯುತ್ತನ್ನು ತುಂಬುವ ದಾರಿಯೊಡನೆ ಬರುತ್ತವೆ. ಅಂಥದರಲ್ಲಿ ಸಿ. ಆರ್. ಬಿಲ್ಲೆಯನ್ನಿಟ್ಟರೆ ಅದು ಉಬ್ಬಿ ಸಿಡಿಯಲೂಬಹುದು. ಅಕ್ಷರಲೋಪದಿಂದ ಇಷ್ಟು ಅನರ್ಥವಾಗುವ ಪಾಠವು ನಮ್ಮ ಕಾವ್ಯಗಳಲ್ಲಿಯೂ ವಿರಳ.

ಹಸ್ತಪ್ರತಿಗಳ ಕೊಠಡಿಗಳಿಗೆ, ನಮ್ಮ ಅಭಿಪ್ರಾಯದಲ್ಲಿ, ಬೆಸೆಯದೆ ತೆಗೆದಿಡಬಹುದಾದ ಸಿ. ಆರ್. ಬಿಲ್ಲೆಯೇ ಯುಕ್ತ, ಊರೂರಿಗೆ ಒಯ್ಯುವ ಪೈ ಯಂತ್ರಕ್ಕಾದರೆ ತುಂಬುವ ದಾರಿಯಿಲ್ಲದ ಗಡಿಯಾರದ ಹಲಗೆಯನ್ನೂ ಜೋಡಿಸಬೇಕು. ಇಟ್ಟ ದಿನವನ್ನು ಯಂತ್ರದ ಹೊರಮೈಯಲ್ಲಿ ಶಾಯಿಯಿಂದ ಬರೆದು, ಮೂರು ನಾಲ್ಕು ವರ್ಷಕ್ಕೊಮ್ಮೆ, ಮುಗಿಯುವುದಕ್ಕೆ ಮೊದಲೇ, ಬದಲಾಯಿಸುವುದು ಲೇಸು. ವಿದ್ಯುತ್ತನ್ನು ಬಿಡಿಸಿ ಬದಲಾಯಿಸಿದ ಮೇಲೆ ಗಡಿಯಾರವನ್ನು ಪಂಚಾಂಗಕ್ಕೂ ಕೈಗಡಿಯಾರಕ್ಕೂ ಹೋಲಿಸಿ ತಿದ್ದುವವರೆಗೆ ಒಂದು ಗರಿಯ ಛಾಯೆಯನ್ನೂ ತೆಗೆಯಬಾರದು.