ಮತವಿಲ್ಲದೆ ವಿಶ್ವಾಸಮತ ಯಾಚಿಸಿದ ಪ್ರಧಾನಿ

ಭಾರತದ ಸಂಸದೀಯ ಇತಿಹಾಸದಲ್ಲಿ 1997ರ ಏಪ್ರಿಲ್ 11ರ ದಿನಕ್ಕೆ ಒಂದು ಅಪೂರ್ವ ಸ್ಥಾನವಿದೆ. ಅಂದು ಲೋಕಸಭೆಯಲ್ಲಿ ವಿಶ್ವಾಸಮತ ನಿರ್ಣಯದ ಪರವಾಗಿ 158, ವಿರುದ್ಧವಾಗಿ 292 ಮತಗಳು ಬಿದ್ದವು. ಸಂಯುಕ್ತ ರಂಗದ ಸರ್ಕಾರ ಪತನಗೊಂಡಿತು. ಆ 158ರಲ್ಲಿ ನಿರ್ಣಯ ಮಂಡಿಸಿದ ಪ್ರಧಾನಿಯ ಮತ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಎಚ್.ಡಿ. ದೇವೇಗೌಡರು ಆಗ ರಾಜ್ಯಸಭಾ ಸದಸ್ಯರು. ಸಂವಿಧಾನದ 88ನೇ ವಿಧಿ ಮಂತ್ರಿಗೆ ಎರಡೂ ಸದನಗಳಲ್ಲಿ ಮಾತನಾಡುವ ಹಕ್ಕು ಕೊಡುತ್ತದೆ. ಮತದ ಹಕ್ಕು ಮಾತ್ರ ತಾನು ಸದಸ್ಯನಾಗಿರುವ ಸದನದಲ್ಲಷ್ಟೇ. ಹತ್ತು ತಿಂಗಳ ಹಿಂದೆ, 1996ರ ಜೂನ್‌ನಲ್ಲಿ ಮೊದಲ ಬಾರಿ ವಿಶ್ವಾಸಮತ ಕೋರಿದಾಗಲಂತೂ ಅವರು ಸಂಸತ್ತಿನ ಯಾವ ಸದನಕ್ಕೂ ಸೇರಿರಲಿಲ್ಲ, ರಾಮನಗರದ ಶಾಸಕರಾಗಿದ್ದರು. ಎರಡು ಸಲ ದೇಶದ ಮಹಾಸಭೆಯ ಮುಂದೆ ವಿಶ್ವಾಸ ಬೇಡಿ, ಎರಡೂ ಸಲ ತಮ್ಮದೇ ಒಂದು ಮತವನ್ನೂ ಚಲಾಯಿಸಲಾಗದೆ ನಿಂತ ಪ್ರಧಾನಿ ಅವರು. ಆ ಪದವಿಗೇರಿದ ಏಕೈಕ ಕನ್ನಡಿಗರೂ ಅವರೇ.

ಅವರನ್ನು ಮತ್ತೆ ಮತ್ತೆ ದೆಹಲಿಗೆ ಕಳುಹಿಸಿದ ಹಾಸನ ಲೋಕಸಭಾ ಕ್ಷೇತ್ರದ ಪಶ್ಚಿಮದ ಅಂಚಿನಲ್ಲಿದೆ ವನಗೂರು. ಸಕಲೇಶಪುರದಿಂದ ಹೆತ್ತೂರು ಹಾದು ಬಿಸಿಲೆ ಘಾಟಿಯತ್ತ ಇಳಿಯುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಸಿಗುವ ಊರು. ಈ ಸೀಮೆಯ ಬೆಟ್ಟಸಾಲು ನೀರನ್ನು ಇಬ್ಭಾಗಿಸುತ್ತದೆ. ಒಂದು ಇಳಿಜಾರಿನ ಮಳೆ ಕುಮಾರಧಾರೆ ಸೇರಿ, ನೇತ್ರಾವತಿಯ ಜೊತೆಗೂಡಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಇಳಿಜಾರಿನದು ಹೇಮಾವತಿಯಾಗಿ ಗೊರೂರಿನ ಅಣೆಕಟ್ಟೆ ತುಂಬಿ, ಕಾವೇರಿಯಾಗಿ ಬಂಗಾಳ ಕೊಲ್ಲಿಯ ಹಾದಿ ಹಿಡಿಯುತ್ತದೆ. ನೀರು ಯಾರ ಪಾಲಿಗೆ ಎಷ್ಟು ಎಂಬ ಪ್ರಶ್ನೆಯನ್ನೇ ಜೀವನವಿಡೀ ಬೆನ್ನಟ್ಟಿದ ಜನಪ್ರತಿನಿಧಿ ಇಂಥ ಜಿಲ್ಲೆಯಿಂದ ಬಂದದ್ದು ಸಹಜವೇ ಸರಿ.

1933ರ ಮೇ 18ರಂದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತ ಕುಟುಂಬದಲ್ಲಿ ದೇವೇಗೌಡರ ಜನನ. ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ, ಆ ಮೇಲೆ ಗುತ್ತಿಗೆದಾರಿಕೆ, ಸಹಕಾರ ಸಂಘ, ತಾಲ್ಲೂಕು ಅಭಿವೃದ್ಧಿ ಮಂಡಳಿ. 1953ರಲ್ಲಿ ಕಾಂಗ್ರೆಸ್ ಸೇರಿದ್ದ ಯುವಕ 1962ರಲ್ಲಿ ಸ್ವತಂತ್ರ ಅಭ್ಯರ್ಥಿಯಾಗಿ ಹೊಳೆನರಸೀಪುರದಿಂದ ಗೆದ್ದು ವಿಧಾನಸಭೆ ಪ್ರವೇಶಿಸಿದರು. ಅಲ್ಲಿಂದ 1985ರವರೆಗೆ ಒಂದೂ ಚುನಾವಣೆ ಸೋಲದೆ ಅದೇ ಕ್ಷೇತ್ರವನ್ನು ಪ್ರತಿನಿಧಿಸಿದರು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ವಿರೋಧ ಪಕ್ಷದ ನಾಯಕರಾಗಿ, ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯಾಗಿ, 1983ರ ನಂತರ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾಗಿ ಅವರು ಬೆಳೆದ ಬಗೆ ರಾಜ್ಯಕ್ಕೆ ಗೊತ್ತಿರುವ ಕಥೆ. ನೀರಾವರಿಗೆ ಕೊಟ್ಟ ಹಣ ಸಾಲದೆಂದು ಮಂತ್ರಿಗಿರಿಗೇ ರಾಜೀನಾಮೆ ಕೊಟ್ಟ ಪ್ರಸಂಗವನ್ನು ಮಾತ್ರ ಒತ್ತಿ ಹೇಳಬೇಕು. ಅಧಿಕಾರವನ್ನು ಇಲಾಖೆಯ ಅನುದಾನಕ್ಕಾಗಿ ಪಣಕ್ಕಿಟ್ಟವರು ನಮ್ಮ ರಾಜಕಾರಣದಲ್ಲಿ ವಿರಳಾತಿವಿರಳ.

1989ರಲ್ಲಿ ಸೋಲು. 1991ರಲ್ಲಿ ಹಾಸನದಿಂದ ಮೊದಲ ಬಾರಿ ಲೋಕಸಭೆಗೆ ಪ್ರವೇಶ. ಆ ಬಳಿಕ 1998, 2004, 2009, 2014ರಲ್ಲಿಯೂ ಹಾಸನ ಅವರನ್ನೇ ಆರಿಸಿತು; ಕೊನೆಯ ಬಾರಿಯ ಗೆಲುವಿನ ಅಂತರ ಒಂದು ಲಕ್ಷಕ್ಕೂ ಮಿಗಿಲು.

ಇಷ್ಟು ದೀರ್ಘ ಕಾಲ ಸಂಸತ್ತಿನಲ್ಲಿದ್ದವರು ಯಾವ ಮಸೂದೆಗೆ ಹೇಗೆ ಮತ ಹಾಕಿದರೆಂದು ಹುಡುಕಹೊರಟ ಕುತೂಹಲಿಗೆ ದೊರೆಯುವ ದಾಖಲೆ ಅಚ್ಚರಿ ಹುಟ್ಟಿಸುವಷ್ಟು ಕಡಿಮೆ. ನಮ್ಮ ಸಂಸತ್ತಿನ ಬಹುಪಾಲು ನಿರ್ಣಯಗಳು ಧ್ವನಿಮತದಿಂದ ಮುಗಿದುಹೋಗುತ್ತವೆ. ‘ಹೌದು’ ಎಂದವರಾರು, ‘ಇಲ್ಲ’ ಎಂದವರಾರು ಎಂಬುದು ಕಡತಕ್ಕೆ ಸೇರುವುದಿಲ್ಲ. ಯಾರಾದರೂ ಮತವಿಭಜನೆಗೆ ಪಟ್ಟು ಹಿಡಿದಾಗಲಷ್ಟೇ ಗಂಟೆ ಮೊಳಗುತ್ತದೆ. ಮೂರೂವರೆ ನಿಮಿಷ ಕಳೆದ ಮೇಲೆ ಸಭಾಂಗಣದ ಬಾಗಿಲುಗಳು ಮುಚ್ಚುತ್ತವೆ. ಸದಸ್ಯರು ತಮ್ಮ ಆಸನದ ಮುಂದಿರುವ ಮತದಾನದ ಗುಂಡಿಯ ಜೊತೆಗೆ ಹಸಿರು, ಕೆಂಪು ಅಥವಾ ಹಳದಿ ಗುಂಡಿಯನ್ನು ಏಕಕಾಲಕ್ಕೆ ಒತ್ತಿ, ಎರಡನೆಯ ಸದ್ದು ಕೇಳುವವರೆಗೆ ಕೈ ಸಡಿಲಿಸದೆ ಹಿಡಿದಿರಬೇಕು. ಪರ, ವಿರುದ್ಧ, ತಟಸ್ಥ: ಇಷ್ಟೇ ಆಯ್ಕೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಆ ಆಯ್ಕೆಯೂ ಪಕ್ಷದ ವಿಪ್‌ಗೆ ಬದ್ಧ. ಮೀರಿದರೆ ಸದಸ್ಯತ್ವಕ್ಕೇ ಸಂಚಕಾರ. ಆದರೂ ಒಂದೊಂದು ಮತದ ತೂಕ ಎಂಥದ್ದೆಂಬುದನ್ನು ದೇಶ ಕಂಡಿದೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ ಎದುರಾಗಿ 270 ಮತಗಳಿಂದ ಬಿದ್ದಾಗ, ಆ ಲೋಕಸಭೆಯಲ್ಲಿ ಹಾಸನವನ್ನು ಪ್ರತಿನಿಧಿಸುತ್ತಿದ್ದವರು ದೇವೇಗೌಡರೇ. ಆದರೆ ದಾಖಲಾದ ಮತಗಳೇ ಇಷ್ಟು ಕಡಿಮೆಯಿರುವಾಗ ನಮ್ಮ ಸಂಸದನನ್ನು ಒತ್ತಿದ ಗುಂಡಿಗಳಿಂದ ಅಳೆಯಲಾಗದು. ಸದನದ ಮುಂದೆ ಏನನ್ನು ತಂದಿಟ್ಟ ಎಂಬುದನ್ನು ನೋಡಬೇಕು. ಆ ಅಳತೆಗೋಲಿನಲ್ಲಿ ದೇವೇಗೌಡರ ಹತ್ತೂವರೆ ತಿಂಗಳ ಪ್ರಧಾನಿತ್ವ ಅತ್ಯಂತ ಫಲವತ್ತಾದ ಅವಧಿ.

ಅದರ ಶಿಖರಪ್ರಾಯ ಸಾಧನೆಯೆಂದರೆ 1996ರ ಡಿಸೆಂಬರ್ 12ರ ಗಂಗಾ ಜಲ ಒಪ್ಪಂದ. ಫರಕ್ಕಾ ಬ್ಯಾರೇಜಿನ ನೀರಿಗಾಗಿ ಭಾರತ ಮತ್ತು ಬಾಂಗ್ಲಾದೇಶಗಳ ನಡುವೆ ದಶಕಗಳಿಂದ ಕುದಿಯುತ್ತಿದ್ದ ವಿವಾದಕ್ಕೆ ಆಗಿನ ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ ಅವರೊಡನೆ ಸಹಿ ಹಾಕಿ ಮೂವತ್ತು ವರ್ಷಗಳ ಪರಿಹಾರ ತಂದವರು ಅವರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಒತ್ತಾಸೆ ಬೆನ್ನಿಗಿತ್ತು. ಒಪ್ಪಂದದ ಸೂತ್ರ ಒಬ್ಬ ಎಂಜಿನಿಯರನ ಟಿಪ್ಪಣಿಯಷ್ಟು ಸ್ವಚ್ಛ. ಜನವರಿ 1ರಿಂದ ಮೇ 31ರವರೆಗಿನ ಬೇಸಗೆಯನ್ನು ಹತ್ತು ಹತ್ತು ದಿನಗಳ ಅವಧಿಗಳಾಗಿ ವಿಂಗಡಿಸಲಾಗಿದೆ. ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಮಪಾಲು; 70ರಿಂದ 75 ಸಾವಿರದ ನಡುವೆ ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ; ಅದಕ್ಕೂ ಮೀರಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾಕ್ಕೆ. ಕಾವೇರಿಯ ಸಂಕಷ್ಟ ವರ್ಷಗಳ ಕಹಿಯನ್ನು ಉಂಡ ಕೊಳ್ಳದವರೊಬ್ಬರು, ನೀರು ಕಡಿಮೆಯಾದಾಗ ಏನು ಮಾಡಬೇಕೆಂಬುದನ್ನೇ ಮೊದಲು ಬರೆಸಿದ ಒಪ್ಪಂದಕ್ಕೆ ಸಹಿ ಹಾಕಿದರು ಎಂಬುದು ನನ್ನ ಮಟ್ಟಿಗೆ ಅವರ ಬದುಕಿನ ಅತ್ಯಂತ ಅರ್ಥಪೂರ್ಣ ಘಟನೆ. ಈ ಒಪ್ಪಂದದ ಅವಧಿ 2026ರ ಡಿಸೆಂಬರಿನವರೆಗಿನದು.

ಬ್ರಹ್ಮಪುತ್ರದ ಮೇಲಣ ಬೋಗಿಬೀಲ್ ಸೇತುವೆಗೆ 1997ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಿದವರೂ ಅವರೇ. 4.94 ಕಿಲೋಮೀಟರ್ ಉದ್ದದ ಆ ಸೇತುವೆ ಲೋಕಾರ್ಪಣೆಗೊಂಡದ್ದು 2018ರ ಡಿಸೆಂಬರಿನಲ್ಲಿ. ದೆಹಲಿ ಮೆಟ್ರೋದ ಮೊದಲ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆಯಿತ್ತದ್ದು, ಕೆಂಪುಕೋಟೆಯಿಂದ ಈಗಿನ ಉತ್ತರಾಖಂಡ ರಾಜ್ಯದ ಘೋಷಣೆ ಹೊರಟದ್ದು ಅವರ ಕಾಲದಲ್ಲೇ. ಮಂಜೂರಾತಿಗೂ ಮುಕ್ತಾಯಕ್ಕೂ ನಡುವಿನ ಈ ದೀರ್ಘ ಅಂತರ ಹಾಸನದವರಿಗೂ ಹೊಸತಲ್ಲ. ಶ್ರವಣಬೆಳಗೊಳದ ಮೂಲಕ ಬೆಂಗಳೂರಿಗೆ ನೇರ ರೈಲು ಮಾರ್ಗ 1996–97ರಲ್ಲಿ ಮಂಜೂರಾಯಿತು. ಪೂರ್ಣ ಮಾರ್ಗದಲ್ಲಿ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ.

ವನಗೂರು, ಹೆತ್ತೂರು, ಆಲೂರಿನ ಬೆಳೆಗಾರರಿಗೆ 1996 ಮತ್ತೊಂದು ಕಾರಣಕ್ಕೆ ಸ್ಮರಣೀಯ. ಅಲ್ಲಿಯ ತನಕ ಅರ್ಧ ಶತಮಾನಕ್ಕೂ ಮಿಕ್ಕಿ, ಹಣ್ಣು ಕೊಯ್ದು ಕಣದಲ್ಲಿ ಒಣಗಿಸಿದ ಕಾಫಿಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹವಾದ ಪೂಲಿಗೆ ಒಪ್ಪಿಸಿ, ದುಡ್ಡಿಗಾಗಿ ಕಂತು ಕಂತಾಗಿ ಕಾಯುವುದೇ ಪದ್ಧತಿಯಾಗಿತ್ತು. ಬದಲಾವಣೆ ಆರಂಭವಾದದ್ದು ಪ್ರಧಾನಿ ನರಸಿಂಹರಾಯರ ಕಾಲದಲ್ಲಿ. ಸಣ್ಣ ಬೆಳೆಗಾರರು ಮೊದಲು, ಆ ಬಳಿಕ ದೊಡ್ಡ ತೋಟದವರು ಬಿಡುಗಡೆ ಪಡೆದರು. 1996ರಲ್ಲಿ ಆ ಪ್ರಕ್ರಿಯೆ ಪೂರ್ಣಗೊಂಡಿತು. ಅಂದಿನಿಂದ ಹಣ್ಣಾಗಿಯೇ ಒಣಗಿಸಿದ ಚೆರಿಯಾಗಲಿ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಆಗಲಿ, ಯಾರಿಗೆ, ಯಾವಾಗ ಮಾರಬೇಕೆಂಬ ನಿರ್ಧಾರ ತೋಟದ ಮಾಲೀಕನದೇ. ಬೆಲೆ ಕುಸಿದಾಗಿನ ಸಂಕಟವೂ ಅವನದೇ ಆಯಿತೆನ್ನುವುದು ನಿಜ.

ಇನ್ನೊಂದು ಮಸೂದೆಯ ಪಯಣ ಇವೆಲ್ಲಕ್ಕಿಂತ ರೋಚಕ. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗದ ಮೀಸಲಾತಿ ನೀಡುವ 81ನೇ ತಿದ್ದುಪಡಿ ಮಸೂದೆ 1996ರ ಸೆಪ್ಟೆಂಬರ್ 12ರಂದು ದೇವೇಗೌಡರ ಸರ್ಕಾರದಿಂದ ಲೋಕಸಭೆಯಲ್ಲಿ ಮಂಡನೆಯಾಯಿತು. ಗೀತಾ ಮುಖರ್ಜಿಯವರ ಅಧ್ಯಕ್ಷತೆಯ ಜಂಟಿ ಸಮಿತಿ ಕೆಲವೇ ತಿಂಗಳಲ್ಲಿ ವರದಿ ಕೊಟ್ಟರೂ, ಲೋಕಸಭೆಯ ವಿಸರ್ಜನೆಯೊಡನೆ ಮಸೂದೆ ಬಿದ್ದುಹೋಯಿತು. ಮುಂದಿನ ಸರ್ಕಾರಗಳು ಎತ್ತಿಕೊಂಡವು, ಕೈಬಿಟ್ಟವು. ಕಡೆಗೆ 2023ರ ಸೆಪ್ಟೆಂಬರ್ 21ರಂದು ಇದೇ ಆಶಯದ ಮಸೂದೆಯನ್ನು ರಾಜ್ಯಸಭೆ 214 ಮತಗಳಿಂದ, ಒಂದೂ ವಿರೋಧವಿಲ್ಲದೆ ಅಂಗೀಕರಿಸಿತು. ಇಪ್ಪತ್ತೇಳು ವರ್ಷಗಳ ಹಿಂದೆ ಅದರ ಬೀಜ ಬಿತ್ತಿದ ಪ್ರಧಾನಿ, ತೊಂಬತ್ತರ ವಯಸ್ಸಿನಲ್ಲಿ ಅದೇ ರಾಜ್ಯಸಭೆಯ ಸದಸ್ಯರಾಗಿದ್ದರು!

ಸೋಲುಗಳನ್ನು ಬಿಟ್ಟು ಈ ಜೀವನಚಿತ್ರ ಪೂರ್ಣವಾಗದು. 1999ರಲ್ಲಿ ಹಾಸನದಲ್ಲೇ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರೆದುರು ಪರಾಭವ, 2002ರಲ್ಲಿ ಕನಕಪುರದ ಉಪಚುನಾವಣೆಯಿಂದ ಪುನರಾಗಮನ. 2016ರ ಅಕ್ಟೋಬರ್ 1ರಂದು, ಕಾವೇರಿ ನೀರಿನ ವಿಷಯವಾಗಿ ಬಂದ ಸುಪ್ರೀಂ ಕೋರ್ಟ್ ಆದೇಶದಿಂದ ನೊಂದು, ಎಂಬತ್ಮೂರರ ಹರೆಯದ ಹಾಸನದ ಸಂಸದ ವಿಧಾನಸೌಧದ ಗಾಂಧಿ ಪ್ರತಿಮೆಯ ಮುಂದೆ ಉಪವಾಸ ಕುಳಿತರು. 2019ರಲ್ಲಿ ಹಾಸನವನ್ನು ಮೊಮ್ಮಗ ಪ್ರಜ್ವಲ್ ರೇವಣ್ಣಗೆ ಬಿಟ್ಟುಕೊಟ್ಟು ತುಮಕೂರಿಗೆ ಹೋಗಿ ಸೋತರು. ಅವರ ರಾಜಕೀಯ ನಿರ್ಣಯಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದೇ ಎಂದು ನನ್ನ ಅಭಿಪ್ರಾಯ. 2024ರಲ್ಲಿ ಮೊಮ್ಮಗ ಸೋತರು. 2025ರ ಆಗಸ್ಟ್‌ನಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದರು. 2024ರಲ್ಲಿ ಪ್ರಜ್ವಲ್‌ರನ್ನು ಸೋಲಿಸಿದ ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ಕಾಲು ಶತಮಾನದ ನಂತರ ಹಾಸನವನ್ನು ಕಾಂಗ್ರೆಸ್ಸಿಗೆ ಮರಳಿ ಗೆದ್ದುಕೊಟ್ಟರು. ದೇವೇಗೌಡರು 2020ರ ಜೂನ್‌ನಲ್ಲಿ ಅವಿರೋಧವಾಗಿ ರಾಜ್ಯಸಭೆಗೆ ಆಯ್ಕೆಯಾಗಿ, ಪ್ರಧಾನಿಯಾಗಿದ್ದಾಗ ಕುಳಿತಿದ್ದ ಸದನಕ್ಕೇ ಮರಳಿದರು.

ಈಗ ಹಾಸನದಿಂದ ದೆಹಲಿಗೆ ಹೋಗುವವರ ಮುಂದೆ ಮಲೆನಾಡು ಇಡುವ ಪ್ರಶ್ನೆ ಬೇರೆಯೇ, ಅದು ಕಾಡಾನೆಗಳದು. ಆಲೂರು–ಸಕಲೇಶಪುರ ಭಾಗದಿಂದ 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸ್ಥಳಾಂತರಿಸಿದ್ದರೂ ಹಾವಳಿ ನಿಂತಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಆನೆ ಯಾವ ತೋಟದಲ್ಲಿದೆಯೆಂದು ತಿಳಿದುಕೊಂಡ ಮೇಲೆಯೇ ಕೆಲಸದವರು ಗೇಟು ದಾಟುತ್ತಾರೆ. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಆ ಕಾಯ್ದೆ ಸಂಸತ್ತಿನದು, ಅದಕ್ಕೆ 2022ರಲ್ಲಿ ತಿದ್ದುಪಡಿ ತಂದದ್ದೂ ಸಂಸತ್ತೇ. ಆನೆಗಳನ್ನು ತಡೆಯುವ ರೈಲು ಕಂಬಿಯ ಗೋಡೆಗೆ ಹಣ, ಬೆಳೆನಷ್ಟಕ್ಕೆ ಕಾಫಿ ಗಿಡದ ನಿಜವಾದ ಬೆಲೆಗೆ ತಕ್ಕ ಪರಿಹಾರ, ಆನೆಗಳಿಗೆ ಶಾಶ್ವತ ನೆಲೆ: ಇವುಗಳಲ್ಲಿ ಯಾವುದೂ ಕೇಂದ್ರದ ನೆರವಿಲ್ಲದೆ ನೆರವೇರದು. ವನಗೂರಿನ ಬೆಳೆಗಾರರು ತಮ್ಮ ಸಂಸದರಿಂದ ಬಯಸುವುದು ಈ ಮೂರನ್ನೂ ಸದನದ ಮುಂದಿಡುವ ಕೆಲಸವನ್ನು.