ಮಾಳಿಗೆ ಮನೆ: ಮೊದಲು ಭಾರ ಇಳಿಸಿರಿ

ಜಮಖಂಡಿ ತಾಲೂಕಿನ ನಮ್ಮ ತುಬಚಿಯಲ್ಲಿ, ಸುತ್ತಿನ ಊರುಗಳಲ್ಲಿ, ಹಳೆ ಮನೆ ಅಂದ್ರೆ ಮಣ್ಣಿನ ಮಾಳಿಗೆ ಮನೆ. ಹಂಚಿನ ಮನೆಯ ಓದುಗರಿಗೆ ಇದರ ರಚನೆ ಸ್ವಲ್ಪ ಹೇಳಬೇಕು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ಒಳಗೆ ಕಟ್ಟಿಗೆ ಕಂಬ, ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತಿ. ಜಂತಿ ಮೇಲೆ ಒತ್ತೊತ್ತಾಗಿ ಸಣ್ಣ ಕಟ್ಟಿಗೆ, ಅದರ ಮೇಲೆ ತೊಗರಿ ಕಟ್ಟಿಗೆ ಇಲ್ಲವೆ ಬೇವಿನ ತಪ್ಪಲು, ಎಲ್ಲಕ್ಕೂ ಮೇಲೆ ಮಣ್ಣು. ಈ ಮಣ್ಣಿನ ಹೊದಿಕೆಗೆ ಮೇಲ್ಮುದ್ದೆ ಅಂತೀವಿ. ಬ್ಯಾಸಿಗ್ಯಾಗ ಹೊರಗೆ 40 ಡಿಗ್ರಿ ಇದ್ದರೂ ಒಳಗೆ ಮಧ್ಯಾಹ್ನ ತಂಪಾಗಿ ಮಲಗಬಹುದು. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆಗೆ ಹಿರಿಯರು ತಿಳಿದೇ ಮಾಡಿದ್ದು.

ಪಾಲಾದಾಗ ಅಣ್ಣ ಹೊಲದ ಮನೆಗೆ ಹೋದ, ಅಜ್ಜನ ಕಾಲದ ಈ ಮನೆ ನನಗೆ ಬಂತು. ಜೊತೆಗೆ ಆರು ಎಕರೆ ಒಣಬೇಸಾಯದ ಎರೆ ಹೊಲ. ಬಿಳಿಜೋಳ, ಕಡಲೆ, ನಡುವೆ ಕುಸುಬೆ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದವರೆಗೆ ಬಿಡಲಿಲ್ಲ. ಬಾಗಲಕೋಟೆ, ಬಿಜಾಪುರ, ರಾಯಚೂರು ಕಡೆ ಮಣ್ಣಿನ ಮನೆಗಳು ಸಾಲು ಸಾಲಾಗಿ ಬಿದ್ದವು. ಮಲಗಿದವರ ಮೇಲೇ ಬಿದ್ದು ಜೀವ ಹೋದವು. ನಮ್ಮ ಮನೆ ಬೀಳಲಿಲ್ಲ. ಆದರೆ ಪಡಸಾಲೆಯ ನಡುತೊಲೆ ನಾಲ್ಕು ಬೆರಳು ಬಾಗಿತ್ತು, ಅದರ ಒಂದು ತುದಿ ಗೋಡೆಯೊಳಗೆ ಕುಸಿದಿತ್ತು. ಅವ್ವ ದಿನಾ ಮಲಗುತ್ತಿದ್ದುದು ಅದರ ಕೆಳಗೇ.

ಎಲ್ಲರೂ ಒಂದೇ ಮಾತು ಹೇಳಿದರು: “ಕೆಡವಿ ಹಾಕು, ಸಾಲಾ ತಗೊಂಡು ಎರಡ ರೂಮ್ ಆರ್‌ಸಿಸಿ ಎಬ್ಬಿಸು.” ಗೌಂಡಿ ಲೆಕ್ಕ ಹಾಕಿದ್ದು ಮೂರೂವರೆ ಲಕ್ಷ. ಒಳ್ಳೆ ವರ್ಷದಲ್ಲಿ ಖರ್ಚು ಕಳೆದು ಆಗ ನನ್ನ ಕೈಯಲ್ಲಿ ಉಳಿಯುತ್ತಿದ್ದುದು ಮೂವತ್ತು ಸಾವಿರ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಒಣಬೇಸಾಯದವನು ಮನೆ ಮೇಲೆ ಮಾಡಿದ ಸಾಲಕ್ಕೆ ಹೊಲ ಬರೆದುಕೊಟ್ಟದ್ದನ್ನು ಕಂಡಿದ್ದೇನೆ. ಆದ್ದರಿಂದ ವರ್ಷಕ್ಕೊಂದು ಕೆಲಸ, ಕಡಲೆ-ಜೋಳ ಮಾರಿದ ರೊಕ್ಕದಲ್ಲಿ, ಹೋಳಿ ಹುಣ್ಣಿಮೆಯಿಂದ ಕಾರಹುಣ್ಣಿಮೆಯೊಳಗೆ ಮುಗಿಸುವುದು ಎಂದು ಅವ್ವನೂ ಮನೆಯವಳೂ ನಾನೂ ಕೂತು ಠರಾಯಿಸಿದೆವು. ಮೊದಲು ಜೀವ ತೆಗೆಯುವಂಥದ್ದು, ಆಮೇಲೆ ನೀರು, ಚಂದ ಕಾಣುವುದು ಕಡೆಗೆ.

ಮಾಳಿಗೆ ಬೀಳುವುದು ಮಳೆಯಿಂದ ಅಂತ ಎಲ್ಲರೂ ಹೇಳುತ್ತಾರೆ. ಮಳೆ ಕಡೆಯ ಪೆಟ್ಟು, ಅಷ್ಟೆ. ಬೀಳಿಸುವುದು ಭಾರ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವ ಪದ್ಧತಿ ಇದೆ. ಹಾಕುವವರು ಹಳೆಯದನ್ನು ಕೆರೆದು ಇಳಿಸುವುದಿಲ್ಲ. ವರ್ಷಕ್ಕೆ ಕಾಲು ಇಂಚು ಹೆಚ್ಚಾದರೂ ನಲವತ್ತು ವರ್ಷಕ್ಕೆ ಹತ್ತು ಇಂಚು. ನಮ್ಮ ಪಡಸಾಲೆ ಮೇಲೆ ಹಾರೆಯಿಂದ ಅಗೆದು ಅಳೆದಾಗ 18 ಇಂಚು ಮಣ್ಣಿತ್ತು. ಪಡಸಾಲೆ 10 ಅಡಿ ಅಗಲ, 14 ಅಡಿ ಉದ್ದ. ಅಂದ್ರೆ 210 ಘನ ಅಡಿ ಮಣ್ಣು. ಬಡಿದು ಕೂತ ಮಣ್ಣು ಘನ ಅಡಿಗೆ 45 ಕಿಲೋ ಹಿಡಿದರೂ ಒಂಬತ್ತು ಟನ್ ದಾಟಿತು. ಇದು ಒಣಗಿದ್ದಾಗ. ನೀರು ಕುಡಿದರೆ ಇನ್ನೂ ಒಂದೆರಡು ಟನ್ ಸೇರುತ್ತದೆ. ಅಜ್ಜ ತೊಲೆ ಇಟ್ಟಾಗ ಇಷ್ಟು ಭಾರಕ್ಕೆ ಇಟ್ಟಿರಲಿಲ್ಲ. ತೊಲೆಗೆ ವಯಸ್ಸಾಗುತ್ತ ಬಂದಂತೆ ಹೊರೆ ಹೆಚ್ಚಾಗುತ್ತ ಬಂತು.

2010ರ ಮಾರ್ಚ್‌ನಲ್ಲಿ ಮೊದಲು ಮಾಡಿದ್ದು ಆಸರೆ. ಮಣ್ಣಿಗೆ ಕೈ ಹಚ್ಚುವ ಮೊದಲೇ ತೊಲೆಗಳ ಕೆಳಗೆ ಗಟ್ಟಿ ಬೊಡ್ಡೆಗಳನ್ನು ನಿಲ್ಲಿಸಬೇಕು, ಬೊಡ್ಡೆ ಕೆಳಗೆ ಅಗಲ ಹಲಗೆ ಇರಬೇಕು. ಮಣ್ಣನ್ನು ಒಂದು ಮೂಲೆಯಿಂದ ಪೂರ್ತಿ ತೆಗೆಯುತ್ತ ಹೋಗಬಾರದು. ಒಂದು ಕಡೆ ಹಗುರ, ಒಂದು ಕಡೆ ಭಾರ ಆದರೆ ಬಾಗಿದ ತೊಲೆ ತಿರುಗುತ್ತದೆ. ಮೂರು ಮೂರು ಇಂಚಿನ ಪದರ, ಇಡೀ ಮಾಳಿಗೆಗೆ ಸಮನಾಗಿ ತೆಗೆದೆವು. ಆಳುಗಳು ನಿಲ್ಲಲು ಹಲಗೆ ಹಾಸಿದ್ದೆವು. ಒಳಗೆ ಯಾರನ್ನೂ ಬಿಡಲಿಲ್ಲ, ಅವ್ವ ಎರಡು ವಾರ ಅಣ್ಣನ ಮನೆಯಲ್ಲಿ ಇದ್ದಳು.

ತೊಲೆಯ ಪರೀಕ್ಷೆ ಹೀಗೆ. ಕಲ್ಲಿನಿಂದ ಬಡಿದರೆ ಗಟ್ಟಿ ಕಟ್ಟಿಗೆ ಠಣ್ ಅನ್ನುತ್ತದೆ, ಟೊಳ್ಳು ಮಂಕಾಗಿ ಧಬ್ ಅನ್ನುತ್ತದೆ. ಆಮೇಲೆ ಉದ್ದ ಮೊಳೆ ಚುಚ್ಚಿ ನೋಡಿರಿ. ನಡುವೆ ಚುಚ್ಚಿ ಸಮಾಧಾನಪಡಬೇಡಿರಿ, ಗೋಡೆಯೊಳಗೆ ಹೊಕ್ಕ ತುದಿಯನ್ನು ನೋಡಬೇಕು. ಗೆದ್ದಲು ಹತ್ತುವುದು, ತೇವ ಹಿಡಿಯುವುದು ಅಲ್ಲೇ. ನಮ್ಮ ಐದು ತೊಲೆಗಳಲ್ಲಿ ಎರಡರ ತುದಿ ಮಾತ್ರ ಹೋಗಿತ್ತು, ಉಳಿದದ್ದು ಕಬ್ಬಿಣದಂತಿತ್ತು. ಇಂಥ ತೊಲೆಯನ್ನು ಬದಲಿಸುವುದು ಬೇಕಿಲ್ಲ. ಗೋಡೆಗೆ ಹತ್ತಿ ಒಳಬದಿಗೆ ಹೊಸ ಕಂಬ ಕೊಟ್ಟರೆ ಸಾಕು, ಕೆಟ್ಟ ತುದಿಗೆ ಕೆಲಸವೇ ಉಳಿಯುವುದಿಲ್ಲ. ಹೊಲದ ಬದುವಿನ ಎರಡು ಜಾಲಿ ಮರ ಕಡಿಸಿ ನೆರಳಲ್ಲಿ ಒಣಗಿಸಿ ಕಂಬ ಮಾಡಿಸಿದೆ. ಕಂಬದ ಬುಡಕ್ಕೆ ಒಂದಡಿ ಎತ್ತರದ ಕಲ್ಲು ಬೇಕೇ ಬೇಕು, ಕಟ್ಟಿಗೆ ನೆಲಕ್ಕೆ ತಾಗಬಾರದು. ಬಾಗಿದ ನಡುತೊಲೆಯನ್ನು ಟ್ರ್ಯಾಕ್ಟರ್ ಜಾಕು ಕೊಟ್ಟು ದಿನಕ್ಕೆ ಒಂದು ನೂಲಿನಷ್ಟು ಏರಿಸಿದೆವು. ಬಡಿಗ್ಯಾರ ಕಾಕಾ ದಿನಾ ಮುಂಜಾನೆ ಬಂದು ಒಂದು ಸುತ್ತು ತಿರುಗಿಸಿ ಚಹಾ ಕುಡಿದು ಹೋಗುತ್ತಿದ್ದರು. “ಹತ್ತ ವರ್ಷ ಬಾಗಿದ್ದನ್ನ ಹತ್ತ ನಿಮಿಷದಾಗ ನೆಟ್ಟಗ ಮಾಡಾಕ ಹೋದ್ರ ಮುರಿತೈತಿ” ಎಂಬುದು ಅವರ ಮಾತು. ಪೂರ್ತಿ ನೆಟ್ಟಗಾಗಲಿಲ್ಲ, ಎರಡು ಬೆರಳು ಬಾಗು ಉಳಿಯಿತು. ಇರಲಿ.

ಈಗ ಮಣ್ಣಿನ ಮಾತು. ಮೇಲೆ ಒಟ್ಟು 7 ಇಂಚು ಸಾಕು. ಕೆಳಗಿನ 5 ಇಂಚಿಗೆ ಇಳಿಸಿದ ಹಳೆ ಮಣ್ಣನ್ನೇ ಸೋಸಿ ನೀರು ಚಿಮುಕಿಸಿ ಅಗಲ ಹಲಗೆಯಿಂದ ಬಡಿದೆವು, ಅದಕ್ಕೆ ರೊಕ್ಕ ಬೀಳಲಿಲ್ಲ. ಮೇಲಿನ 2 ಇಂಚಿಗೆ ಕರ್ಲು ಮಣ್ಣು. ಹೊಳೆಸಾಲಿನ ನೀರಾವರಿ ಹೊಲಗಳಲ್ಲಿ ಅತಿ ನೀರು ಬಿಟ್ಟು ಸವಳು-ಜವಳು ಆದ ಜಮೀನು ನಮ್ಮ ಕಡೆ ಬೇಕಾದಷ್ಟಿದೆ. ಕಬ್ಬಿನವರು ಯಾವ ಮಣ್ಣನ್ನು ಶಪಿಸುತ್ತಾರೋ ಅದನ್ನು ಮಾಳಿಗೆಯವರು ಟ್ರ್ಯಾಕ್ಟರ್ ತಗೊಂಡು ಹೋಗಿ ಕೇಳಿ ತರುತ್ತೇವೆ.

ಕರ್ಲು ನೀರನ್ನು ಯಾಕೆ ತಡೆಯುತ್ತದೆ? ಅದರಲ್ಲಿ ಸೋಡಿಯಂ ಹೆಚ್ಚು. ಮಳೆ ನೀರು ಬಿದ್ದ ಕೂಡಲೇ ಅದರ ಜೇಡಿ ಕಣಗಳು ಒಂದಕ್ಕೊಂದು ಬಿಟ್ಟು ಬಿಡಿಯಾಗಿ, ಸಣ್ಣ ಸಣ್ಣ ಸಂದಿಗಳಲ್ಲಿ ಇಳಿದು ಬೆಣೆ ಬಡಿದಂತೆ ಮುಚ್ಚುತ್ತವೆ. ಮೇಲೆ ಬಿದ್ದ ನೀರು ಇಳಿಯಲು ದಾರಿ ಇಲ್ಲದೆ ಹರಿದು ಹೋಗುತ್ತದೆ. ಹೊಲದಲ್ಲಿ ಬೇರಿಗೆ ನೀರು, ಗಾಳಿ ಸಿಗದೆ ಬೆಳೆ ಸಾಯುವುದು ಇದೇ ಗುಣದಿಂದ. ಅಲ್ಲಿ ಜಿಪ್ಸಂ ಹಾಕುವುದು ಯಾಕೆ? ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಓಡಿಸಿ ಕಣಗಳನ್ನು ಮತ್ತೆ ಹಿಡಿಗೂಡಿಸುತ್ತದೆ, ನೀರು ಇಳಿಯುತ್ತದೆ. ಆದ್ದರಿಂದ ಜಿಪ್ಸಂ ಹಾಕಿದ ಹೊಲದ ಮಣ್ಣು ಮಾಳಿಗೆಗೆ ಬೇಡ.

ಕರ್ಲು ಹೌದೋ ಅಲ್ಲವೋ ನೋಡಲು ಗಾಜಿನ ಲೋಟ ಸಾಕು. ಲೋಟದಲ್ಲಿ ಮಳೆ ನೀರು ತುಂಬಿ, ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ಬಿಡಿರಿ, ಅಲುಗಾಡಿಸಬೇಡಿರಿ. ಒಳ್ಳೆ ಕರ್ಲು ಇದ್ದರೆ ಹೆಂಟೆಯ ಸುತ್ತ ಹಾಲು ಚೆಲ್ಲಿದಂತೆ ಮೋಡ ಏಳುತ್ತದೆ, ಎರಡು ತಾಸಿಗೆ ಲೋಟವೆಲ್ಲ ಕದಡುತ್ತದೆ. ಬರೇ ಪುಡಿಯಾಗಿ ಕುಸಿದು ಮೇಲೆ ತಿಳಿನೀರು ನಿಂತರೆ ಅದು ಕೆಲಸಕ್ಕೆ ಬಾರದು. ಬೋರಿನ ನೀರಲ್ಲಿ ಈ ಪರೀಕ್ಷೆ ಮಾಡಬಾರದು, ಅದರ ಉಪ್ಪು-ಸುಣ್ಣದ ಅಂಶದಿಂದ ಕಣ ಬಿಡಿಯಾಗುವುದಿಲ್ಲ. ಬೆಳ್ಳಗೆ ಉಪ್ಪು ಕಟ್ಟಿದ ಮಣ್ಣೆಲ್ಲ ಕರ್ಲು ಅಂತ ತಿಳಿಯುವವರಿದ್ದಾರೆ. ಬರೇ ಉಪ್ಪಿದ್ದರೆ ಮೋಡ ಏಳುವುದಿಲ್ಲ.

ಕರ್ಲಿಗೆ ಒಂದು ಕೆಟ್ಟ ಗುಣವೂ ಉಂಟು. ನೀರು ಒಂದೇ ಕಡೆ ಧಾರೆಯಾಗಿ ಹರಿದರೆ ಬೇಗ ಕೊರೆದು ಹೋಗುತ್ತದೆ. ಇಲಿ ಬಿಲ, ಬ್ಯಾಸಿಗಿಯ ಬಿರುಕು ಸಿಕ್ಕರೆ ಒಳಗೇ ಸುರಂಗ ಮಾಡುತ್ತದೆ. ಅದಕ್ಕೆ ಇಳಿಜಾರು ಹತ್ತು ಅಡಿಗೆ ಮೂರು ಇಂಚು ಮೀರಬಾರದು. ರೋಹಿಣಿ ಮಳೆಗೆ ಮುಂಚೆ ಬಿರುಕುಗಳಿಗೆ ಒಣ ಪುಡಿ ತುಂಬಿ ಬಡಿಯಬೇಕು. ಹುಲ್ಲು ಬೆರಳುದ್ದ ಇರುವಾಗಲೇ ಕೀಳಬೇಕು, ಬೇರು ದಪ್ಪಾದರೆ ಅದೇ ನೀರಿನ ದಾರಿ. ಈಗ ವರ್ಷಕ್ಕೊಮ್ಮೆ ಇಬ್ಬರು ಎರಡು ದಿನ ಮಾಡಿದರೆ ಮುಗಿಯುತ್ತದೆ. ಹೊಸ ಮಣ್ಣು ಎಷ್ಟು ಬುಟ್ಟಿ ಏರಿತೋ ಅಷ್ಟು ಹಳೆಯದು ಕೆರೆದು ಇಳಿಯಬೇಕು, ಇದನ್ನು ನಮ್ಮನೆಯವಳು ಬುಟ್ಟಿ ಎಣಿಸಿ ನಡೆಸುತ್ತಾಳೆ. ಇಳಿಸಿದ ಕರ್ಲನ್ನು ಗೊಬ್ಬರ ಅಂತ ಹೊಲಕ್ಕೆ ಒಯ್ಯಬೇಡಿರಿ, ಎರೆ ಹೊಲ ಕೆಡುತ್ತದೆ.

ಮಾಳಿಗೆ ಮೇಲಿನ ನೀರು ಎಲ್ಲಿ ಬೀಳುತ್ತದೆ ಅನ್ನುವುದು ಮುಂದಿನ ಪ್ರಶ್ನೆ. ನಮ್ಮದು ಸುಮಾರು 60 ಚದರ ಮೀಟರ್ ಮಾಳಿಗೆ. ಒಂದು ರಾತ್ರಿ 50 ಮಿ.ಮೀ. ಮಳೆಯಾದರೆ 3,000 ಲೀಟರ್ ನೀರು. ಇದಿಷ್ಟೂ ಎರಡು ದೋಣಿಗಳಿಂದ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಎರೆ ನೆಲ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ, ಅದರ ಮೇಲೆ ನಿಂತ ಗೋಡೆ ಸೀಳುತ್ತದೆ. 2011ರಲ್ಲಿ ನಾಲ್ಕು ಇಂಚಿನ ಪ್ಲಾಸ್ಟಿಕ್ ಪೈಪು ಕೂಡಿಸಿ ನೀರನ್ನು ನೆಲದವರೆಗೆ ಇಳಿಸಿ ಗಟಾರಕ್ಕೆ ಬಿಟ್ಟೆ. ಗೋಡೆ ಸುತ್ತ ಮೂರಡಿ ಅಗಲ ಗರಸು ಹಾಕಿ ಹೊರಗೆ ಇಳಿಜಾರು ಮಾಡಿ ಬಡಿದೆವು. ನನ್ನ ಲೆಕ್ಕದಲ್ಲಿ ಇಷ್ಟು ಕಡಿಮೆ ರೊಕ್ಕಕ್ಕೆ ಇಷ್ಟು ಲಾಭ ಕೊಟ್ಟ ಕೆಲಸ ಬೇರೊಂದಿಲ್ಲ.

2012 ಬರದ ವರ್ಷ, ಮನೆಗೆ ಒಂದು ಪೈಸೆ ಹಾಕಲಿಲ್ಲ. ಮುಂದಿನ ಎರಡು ಬ್ಯಾಸಿಗಿ ಗೋಡೆಯ ಬುಡ. ಸಿಡಿ ನೀರಿಗೆ ಸವೆದ ಕಡೆ ಮೂರು ಅಡಿಯಷ್ಟೇ ಬಿಚ್ಚಿ ಕಲ್ಲು ಕೂಡಿಸಿ, ಮುಂದಿನ ಮೂರಡಿ ಬಿಟ್ಟು ಅದರಾಚೆ ಮತ್ತೆ ಮೂರಡಿ ಬಿಚ್ಚಬೇಕು. ಒಂದೇ ಸಲ ಬಿಚ್ಚಿದರೆ ಗೋಡೆ ಕೂರುತ್ತದೆ.

ಇಲ್ಲಿ ಗೌಂಡಿಗಳು ಸಿಮೆಂಟ್ ಗಿಲಾವು ಮಾಡೋಣ ಅಂತ ಬಲವಂತ ಮಾಡುತ್ತಾರೆ. ನಮ್ಮ ಓಣಿಯ ಒಂದು ಮನೆಗೆ ಮೊಣಕಾಲು ಮಟ್ಟ ಸಿಮೆಂಟ್ ಬಳಿದಿದ್ದರು. ನೋಡಲು ಗಟ್ಟಿ. ನಾಲ್ಕೈದು ವರ್ಷಕ್ಕೆ ಅದು ಹಪ್ಪಳದಂತೆ ಬಿಟ್ಟುಕೊಂಡು ಬಿದ್ದಾಗ ಹಿಂದಿನ ಮಣ್ಣು ಹಸಿ ಹಿಟ್ಟಾಗಿತ್ತು. ನೆಲದಿಂದ ಏರಿದ ತೇವ ಮಣ್ಣಿನ ಗೋಡೆಯ ಮೈಯಿಂದ ಆರಿ ಹೋಗುತ್ತದೆ. ಸಿಮೆಂಟ್ ಬಳಿದರೆ ಆರಲು ಜಾಗವಿಲ್ಲ, ತೇವ ಇನ್ನೂ ಮೇಲೆ ಏರುತ್ತದೆ. ನಾವು ಕೆಂಪು ಮಣ್ಣು, ಗೋಧಿ ಹೊಟ್ಟು, ಸಗಣಿ ಕಲಸಿ ಹತ್ತು ದಿನ ಕೊಳೆಸಿ ಬಳಿದೆವು, ಒಣಗಿದ ಮೇಲೆ ಸುಣ್ಣ. ಇದಕ್ಕೆ ಎರೆ ಮಣ್ಣು ಆಗದು, ಬಿರಿಯುತ್ತದೆ. ಕರ್ಲಂತೂ ಗೋಡೆಗೆ ಮುಟ್ಟಿಸಲೇಬಾರದು. ಲೋಟದ ಪರೀಕ್ಷೆಯಲ್ಲಿ ನೀರು ತಿಳಿಯಾಗಿ ಉಳಿಸುವ ಮಣ್ಣೇ ಗೋಡೆಗೆ ಬೇಕು.

ಉಳಿದದ್ದು ಬೇಗ ಹೇಳುತ್ತೇನೆ. 2017ರಲ್ಲಿ ಮನೆಯೊಳಗೆ ಕಟ್ಟುತ್ತಿದ್ದ ಎತ್ತು, ಎಮ್ಮೆಗಳಿಗೆ ಹಿತ್ತಲಲ್ಲಿ ತಗಡಿನ ಕೊಟ್ಟಿಗೆ ಆಯಿತು. ಗಂಜಳ ಕುಡಿದು ಉದುರುತ್ತಿದ್ದ ಗೋಡೆ ಆಮೇಲೆ ನಿಂತಿತು. 2018ರಲ್ಲಿ ಅಡಿಗೆ ಮನೆಗೆ ಕಲ್ಲು ಹಾಸಿಗೆ, ಬೆಳಕಿಂಡಿಗೆ ಗಾಜು.

ಆಗಿನ ದರದಲ್ಲಿ ಆದ ಖರ್ಚು: ಆಸರೆ, ಕಂಬ, ಮಣ್ಣು ಇಳಿಸಿ ಏರಿಸಿದ್ದಕ್ಕೆ 26,000, ಪೈಪು, ಗರಸಿಗೆ 6,500, ಗೋಡೆ ಬುಡಕ್ಕೆ 16,000, ಕೊಟ್ಟಿಗೆಗೆ 20,000, ಅಡಿಗೆ ಮನೆಗೆ 15,000. ಒಟ್ಟು 83,500 ರೂಪಾಯಿ, ಎಂಟು ವರ್ಷಗಳ ಮೇಲೆ ಹರಡಿ. ನಮ್ಮ ಮನೆ ಮಂದಿಯ ಮೈಕೆಲಸ ಇದರಲ್ಲಿ ಹಿಡಿದಿಲ್ಲ. ಇವತ್ತಿನ ಕೂಲಿಗೆ ಇದು ಬಹಳ ಹೆಚ್ಚಾಗುತ್ತದೆ, ಆದರೆ ಆರ್‌ಸಿಸಿಯೂ ಏರಿದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಬಂದು ತಾಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ನಮ್ಮ ಓಣಿವರೆಗೆ ಬರಲಿಲ್ಲ. ಹೊಳೆ ನೀರು ನಿಂತ ಮಣ್ಣಿನ ಗೋಡೆಗೆ ಇಲ್ಲಿ ಬರೆದ ಯಾವ ಉಪಾಯವೂ ನಡೆಯದು, ಅಂಥ ಕಡೆ ಜಾಗ ಬಿಡುವುದೇ ಸರಿ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಪರಿಹಾರ ಸಾರಿತು. “ನಿಂದು ಬಿದ್ದಿದ್ರ ಛಲೋ ಇತ್ತಲೋ ತಮ್ಮಾ” ಅಂತ ಕಟ್ಟೆ ಮೇಲಿನ ಹಿರಿಯರು ನಕ್ಕರು. ಅವ್ವ ಆ ವಾರವೂ ನಡುತೊಲೆಯ ಕೆಳಗೇ ಮಲಗಿದಳು.

ಈಗಿನ ಕಾಲದ್ದು ಇನ್ನೆರಡು ಮಾತು. ಮಾಳಿಗೆ ಮೇಲೆ ಪ್ಲಾಸ್ಟಿಕ್ ನೀರಿನ ಟಾಕಿ ಇಡಬೇಡಿರಿ, 500 ಲೀಟರ್ ಅಂದ್ರೆ ಅರ್ಧ ಟನ್, ಒಂದೇ ಜಾಗದಲ್ಲಿ. ಟೀವಿಯ ಬುಟ್ಟಿಯನ್ನು ಮಾಳಿಗೆಗೆ ತೂತು ಹೊಡೆದು ಕೂಡಿಸುವ ಹುಡುಗರನ್ನು ಏರಲು ಬಿಡಬೇಡಿರಿ, ನಮ್ಮದು ಕೊಟ್ಟಿಗೆಯ ಕಂಬಕ್ಕಿದೆ. ಹಿಂದಿನ ಗೋಡೆಯ ಬುಡ ಇನ್ನು ಆರಡಿ ಉಳಿದಿದೆ. ಕಲ್ಲು ತಂದು ಹಾಕಿದ್ದೇನೆ, ಈ ಸಲದ ಕಡಲೆ ಮಾರಿದ ಮೇಲೆ ಗೌಂಡಿಗೆ ಹೇಳಬೇಕು.